ಬರೀ ಪುಡಿ

ಎಣ್ಣೆಕಾಳು ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ, ಟ್ರ್ಯಾಕ್ಟರ್ ಶೆಡ್ಡಿಗೂ ನೀರಿನ ತೊಟ್ಟಿಗೂ ನಡುವೆ ಒಂದು ಸಣ್ಣ ಕೋಣೆಯಿದೆ. ಬಾಗಿಲ ಮೇಲೆ ಹಿಂದೆಂದೋ ‘ತೂಕದ ಕೋಣೆ’ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದರು. ಮೊದಲ ಅಕ್ಷರ ಮಳೆಗೆ ಅಳಿಸಿಹೋಗಿ ಈಗ ಅದು ‘ಕದ ಕೋಣೆ’. ಕದವೇ ಸರಿಯಾಗಿ ಮುಚ್ಚದ ಕೋಣೆಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ ಎಂದು ಕೇಂದ್ರದವರು ನಗುತ್ತಾರೆ.

ಆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗೊಬ್ಬರ ತೂಗಿದವನಿಗೆ ಗುಲಗಂಜಿ ಎಂದು ಹೆಸರು ಬಿದ್ದಿತ್ತು. ‘ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಆಗಬಾರದು’ ಎನ್ನುವುದು ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ‘ಈ ಮನುಷ್ಯನಿಗೆ ಸಾರಿಗೆ ಉಪ್ಪು ಹಾಕಬೇಕಾದರೂ ತಕ್ಕಡಿ ಬೇಕು’ ಎಂದು ಹೆಂಡತಿ ಬಂದವರ ಎದುರೇ ಹಂಗಿಸುತ್ತಿದ್ದಳು. ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹೊಗಳಿಕೆ ಎಂದೇ ತಿಳಿದಿದ್ದ.

ಕೇಂದ್ರದ ಹೊಲದಲ್ಲಿ ನಲವತ್ತೆಂಟು ತಾಕುಗಳು. ಒಂದೊಂದೂ ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಅಲ್ಲಿ ವರ್ಷಕ್ಕೊಮ್ಮೆ ನೆಲಗಡಲೆ, ಅದನ್ನು ಕಿತ್ತ ಮೇಲೆ ಸೂರ್ಯಕಾಂತಿ. ಯಾವ ಗೊಬ್ಬರ ಎಷ್ಟು ಕೊಟ್ಟರೆ ಗಿಡ ಎಷ್ಟು ಬೆಳೆಯುತ್ತದೆ, ಕಾಯಿ ಎಷ್ಟು ತುಂಬುತ್ತದೆ, ಕಾಳಿನಲ್ಲಿ ಎಣ್ಣೆ ಎಷ್ಟು ಕೂರುತ್ತದೆ ಎಂದು ವರ್ಷಗಟ್ಟಲೆ ನೋಡುತ್ತ ಹೋಗುವ ಪ್ರಯೋಗ ಅದು. ಕೆಲವು ತಾಕಿಗೆ ಸಾರಜನಕ ಮಾತ್ರ, ಕೆಲವಕ್ಕೆ ಅದರ ಜೊತೆ ರಂಜಕ, ಕೆಲವಕ್ಕೆ ಪೊಟ್ಯಾಷ್, ಇನ್ನು ಕೆಲವಕ್ಕೆ ಇವೆಲ್ಲದರ ಮೇಲೆ ಹಳದಿ ಗಂಧಕದ ಪುಡಿ. ನಾಲ್ಕು ತಾಕಿಗೆ ಏನೂ ಇಲ್ಲ. ಅವು ಸೊನ್ನೆ ತಾಕುಗಳು. ಮಿಕ್ಕ ನಲವತ್ನಾಲ್ಕರ ಏಳಿಗೆಯನ್ನು ಅವುಗಳ ಬಡತನದ ಪಕ್ಕದಲ್ಲಿಟ್ಟೇ ಅಳೆಯಬೇಕು.

ಪ್ರಯೋಗ ಶುರು ಮಾಡಿದ ಹಳೇ ಸಾಹೇಬರು ಒಂದು ಪದ್ಧತಿ ಹಾಕಿಕೊಟ್ಟು ಹೋಗಿದ್ದರು. ತಾಕಿಗೆ ಬೇಕಾದ ಗೊಬ್ಬರ ನೂರು ಗ್ರಾಂ ಇರಲಿ, ಮುನ್ನೂರು ಗ್ರಾಂ ಇರಲಿ, ಪೊಟ್ಟಣ ಮಾತ್ರ ಸರಿಯಾಗಿ ಒಂದು ಕಿಲೋ ತೂಗಬೇಕು. ಉಳಿದ ತೂಕಕ್ಕೆ ತೊಳೆದು ಒಣಗಿಸಿದ ಹೊಳೆ ಮರಳು. ಒಂದು ಹಿಡಿ ಗೊಬ್ಬರವನ್ನು ಇಡೀ ತಾಕಿಗೆ ಸಮನಾಗಿ ಎರಚಲು ಯಾರ ಕೈಯಿಂದಲೂ ಆಗುವುದಿಲ್ಲ, ಮರಳು ಬೆರೆತರೆ ಆಗುತ್ತದೆ. ಎರಚುವವರಿಗೆ ಯಾವ ಪೊಟ್ಟಣದಲ್ಲಿ ಏನಿದೆ ಎಂದು ಗೊತ್ತಾಗಲೂ ಬಾರದು. ಆದ್ದರಿಂದ ಸೊನ್ನೆ ತಾಕಿಗೂ ಒಂದು ಪೊಟ್ಟಣ ಇರುತ್ತಿತ್ತು. ಪೂರ್ತಿ ಒಂದು ಕಿಲೋ, ಬರೀ ಮರಳು.

ಒಂಬತ್ತು ವರ್ಷ ಗುಲಗಂಜಿ ಮರಳು ತೊಳೆದ. ಮೂರು ನೀರಿನಲ್ಲಿ ಜಾಲಿಸಿ, ತಗಡಿನ ಮೇಲೆ ಹರಡಿ, ಕೈಯಾಡಿಸಿ ಒಣಗಿಸಬೇಕಿತ್ತು. ಮೋಡ ಕವಿದ ವರ್ಷ ಮರಳು ಒಣಗುತ್ತಿರಲಿಲ್ಲ. ಹಸಿ ತಾಗಿ ಯೂರಿಯಾ ನೀರೊಡೆದು ಪೊಟ್ಟಣದ ತಳ ಹರಿಯುತ್ತಿತ್ತು, ಕಟ್ಟಿದ್ದನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತಿತ್ತು. ಹತ್ತನೆಯ ವರ್ಷ ಹೊಳೆಯಲ್ಲಿ ಮರಳು ತೆಗೆಯುವುದೇ ನಿಂತಿತು.

ಆಗಲೇ ಉಗ್ರಾಣದ ಮೂಲೆಯಲ್ಲಿ ಅಟ್ಟಿ ಇಟ್ಟಿದ್ದ ಚೀಲಗಳು ಅವನ ಕಣ್ಣಿಗೆ ಬಿದ್ದದ್ದು. ಮುಚ್ಚಿಹೋದ ಯಾವುದೋ ಹಳೆಯ ಪ್ರಯೋಗದವು. ಚೀಟಿಗಳನ್ನು ಇಲಿ ತಿಂದಿತ್ತು. ಒಳಗೆ ನುಣ್ಣನೆಯ, ಒಣ, ಬಿಳಿ ಪುಡಿ.

“ಇದೇನು ಸ್ವಾಮಿ?” ಎಂದು ಉಗ್ರಾಣದ ಮೇಲ್ವಿಚಾರಕರನ್ನು ಕೇಳಿದ.

“ನನ್ನ ಕೇಳಿದ್ರೆ? ನಾನು ಬರೋಕೆ ಮುಂಚಿಂದ ಇದೆ. ಏನೂ ಅಲ್ಲ, ಬರೀ ಪುಡಿ. ತಗೊಂಡು ಹೋಗು ಮಾರಾಯ, ಮೂಲೆ ಖಾಲಿಯಾದ್ರೆ ನಿನಗೆ ಪುಣ್ಯ ಬರುತ್ತೆ.”

“ರಿಜಿಸ್ಟರಲ್ಲಿ ಏನಂತ ಬರೀತೀರಿ?”

“ಬರೀ ಪುಡಿ ಅಂತಲೇ ಬರೀತೀನಿ.” ಮೇಲ್ವಿಚಾರಕರು ತಮ್ಮ ಮಾತಿಗೆ ತಾವೇ ನಕ್ಕರು. ಹಾಗೆಯೇ ಬರೆದರು. ಆ ಪುಟ ಇಂದಿಗೂ ಇದೆ: ‘ಬರೀ ಪುಡಿ, ಮೂವತ್ತೆರಡು ಚೀಲ, ತೂಕದ ಕೋಣೆಗೆ.’

ಗುಲಗಂಜಿ ಕಣ್ಣು ಮುಚ್ಚಿ ಬಳಸಲಿಲ್ಲ. ತನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕಿದ. ಕರಗಲಿಲ್ಲ, ತಳದಲ್ಲಿ ಕೂತಿತು. ಮೂಸಿದ, ವಾಸನೆ ಇರಲಿಲ್ಲ. ನಾಲಿಗೆಗೆ ಮುಟ್ಟಿಸಿದ, ಉಪ್ಪಿಲ್ಲ, ಒಗರಿಲ್ಲ. ಅಂಗೈಯ ಗೀರಿದ ಗಾಯಕ್ಕೆ ಸವರಿದ, ಉರಿಯಲಿಲ್ಲ. ಅವನು ಜೀವಮಾನದಲ್ಲಿ ಮುಟ್ಟಿದ್ದ ಗೊಬ್ಬರಗಳೆಲ್ಲ ಕರಗುತ್ತಿದ್ದವು, ನಾರುತ್ತಿದ್ದವು ಅಥವಾ ಉರಿಯುತ್ತಿದ್ದವು. ಇದು ಮೂರೂ ಅಲ್ಲ. ಅಂದ ಮೇಲೆ ಇದು ಏನೂ ಅಲ್ಲ. ಆಗಿದ್ದ ಸಾಹೇಬರಿಗೆ ತಿಳಿಸಿದ. ಮೇಜಿನ ಮೇಲಿನ ಕಾಗದದಿಂದ ತಲೆ ಎತ್ತದೆ ಅವರು ‘ಒಣಗಿದೆ ತಾನೆ?’ ಎಂದು ಕೇಳಿದರು. ‘ಚೆನ್ನಾಗಿ ಒಣಗಿದೆ ಸಾರ್’ ಎಂದ.

ಆ ವರ್ಷ ಸೊನ್ನೆ ತಾಕಿನ ನೆಲಗಡಲೆ ಹಿಂದೆಂದೂ ಇಲ್ಲದಷ್ಟು ತುಂಬಿಕೊಂಡು ಬಂತು. ಅದೇ ವರ್ಷ ಬಿತ್ತನೆ ತಳಿಯನ್ನೂ ಬದಲಿಸಿದ್ದರಿಂದ ಎಲ್ಲರೂ ತಳಿಯನ್ನು ಹೊಗಳಿದರು. ಮುಂದಿನ ವರ್ಷ ಮಳೆಯನ್ನು ಹೊಗಳಿದರು. ಆಮೇಲೆ ಮಣ್ಣನ್ನು. ಹಳದಿ ಗಂಧಕ ಕೊಟ್ಟ ತಾಕಿಗೂ ಕೊಡದ ತಾಕಿಗೂ ಏಳು ವರ್ಷ ವ್ಯತ್ಯಾಸ ಕಾಣದೆ ಹೋದಾಗ ಕೇಂದ್ರ ಒಂದು ಹಾಳೆಯ ಶಿಫಾರಸನ್ನು ಅಚ್ಚು ಹಾಕಿಸಿತು. ‘ಈ ಭಾಗದ ಮಣ್ಣಿನಲ್ಲಿ ನೆಲಗಡಲೆಗೆ ಬೇಕಾದ ಗಂಧಕ ಮತ್ತು ಕ್ಯಾಲ್ಸಿಯಂ ಸಾಕಷ್ಟಿದೆ. ಬೇರೆಯಾಗಿ ಕೊಡುವ ಅಗತ್ಯವಿಲ್ಲ.’ ಹಾಳೆಯ ಕಟ್ಟುಗಳನ್ನು ಇಡಲು ಜಾಗವಿಲ್ಲದೆ ತೂಕದ ಕೋಣೆಯಲ್ಲಿ ಪೇರಿಸಿದರು.

ಮೊದಲ ಹಾಳೆಯನ್ನು ಗುಲಗಂಜಿ ತನ್ನ ಅಕ್ಕನ ಮನೆಗೆ ಒಯ್ದ.

ಭಾವನಿಗೆ ಮೂರು ಎಕರೆ ಕೆಂಪು ಮಣ್ಣಿನ ಹೊಲ. ಮಾತುಮಾತಿಗೆ ನಗಿಸುವ ಆಸಾಮಿ ಅವನು. ಪ್ರತಿ ವರ್ಷ ಬಿತ್ತುವ ಮುಂಚೆ ‘ಸೂಪರ್’ ಎನ್ನುವ ಬೂದು ಗೊಬ್ಬರವನ್ನು ಎಕರೆಗೆ ಮೂರು ಚೀಲದಂತೆ ಹಾಕುತ್ತಿದ್ದ. ಅಪ್ಪ ಹಾಕುತ್ತಿದ್ದ, ಇವನೂ ಹಾಕುತ್ತಿದ್ದ. ರಂಜಕಕ್ಕೆಂದು ಕೊಳ್ಳುವ ಆ ಬೂದು ಹರಳಿನಲ್ಲಿ ಗಂಧಕ, ಕ್ಯಾಲ್ಸಿಯಂ ಎರಡೂ ಕೇಳದೇ ಬರುತ್ತವೆ ಎನ್ನುವುದು ಅಂಗಡಿಯವನಿಗೂ ಗೊತ್ತಿರಲಿಲ್ಲ.

“ಸುಮ್ಮನೆ ಯಾಕೆ ಭಾವ ಮೂರು ಮೂರು ಚೀಲ ಹೊರ್ತೀರಿ?” ಎಂದ ಗುಲಗಂಜಿ. “ರಂಜಕವೇ ಬೇಕು ಅಂದ್ರೆ ಡಿಎಪಿ ಒಂದು ಚೀಲ ಸಾಕು. ಬೇರೆ ಏನೂ ಬೇಡ. ನಾನೇ ತೂಗಿ ಕೊಟ್ಟಿರೋ ಪ್ರಯೋಗ.”

“ನೋಡೇ,” ಭಾವ ಹೆಂಡತಿಯತ್ತ ತಿರುಗಿದ, “ನಿನ್ನ ತಮ್ಮ ನನ್ನ ಬೆನ್ನು ಉಳಿಸೋಕೆ ಬಂದಿದಾನೆ. ಕೇಂದ್ರದವನೇ ಹೇಳಿದ ಮೇಲೆ ಮುಗೀತು ಬಿಡು.”

ಎರಡು ವರ್ಷ ಏನೂ ಆಗಲಿಲ್ಲ. ಡಿಎಪಿಯಲ್ಲಿ ಗಂಧಕವಾಗಲಿ ಕ್ಯಾಲ್ಸಿಯಂ ಆಗಲಿ ಇರದಿದ್ದರೂ ಹಳೆಯ ಗೊಬ್ಬರದ ಋಣ ಮಣ್ಣಿನಲ್ಲಿ ಇನ್ನೂ ಇತ್ತು. ಮೂರನೆಯ ವರ್ಷ ಗಿಡ ಹಸಿರಾಗಿ ಸೊಂಪಾಗಿ ಬೆಳೆದು, ಕಿತ್ತು ನೋಡಿದರೆ ಕಾಯಿಯಲ್ಲಿ ಕಾಳಿರಲಿಲ್ಲ. ಹಿಸುಕಿದರೆ ಪಟ್ ಎನ್ನುವ ಜೊಳ್ಳು. ಭಾವ ಬೀಜ ಬದಲಿಸಿದ. ಮರುವರ್ಷ ಮತ್ತೆ ಬದಲಿಸಿದ. ಎಣ್ಣೆ ಗಿರಣಿಯವನು ಇವನ ಮೂಟೆಯನ್ನು ಬೇರೆಯೇ ಇಡತೊಡಗಿದ. “ನಿಮ್ಮ ಕಾಳಲ್ಲಿ ಎಣ್ಣೇನೇ ಇಲ್ಲ ಯಜಮಾನರೇ, ಬರೀ ಹಿಂಡಿ” ಎಂದ. ಬದುವಿನಾಚೆಯ ಹೊಲದವನಿಗೆ ಓದು ಬರುತ್ತಿರಲಿಲ್ಲ. ಹಾಳೆ ಅವನಿಗೆ ತಲುಪಿದರೂ ತಲುಪದಂತೆಯೇ. ಅವನು ಬೂದು ಚೀಲವನ್ನೇ ಹೊತ್ತು ತರುತ್ತಿದ್ದ, ಅವನ ಕಾಯಿ ಗಟ್ಟಿಯಾಗಿ ತುಂಬಿರುತ್ತಿದ್ದವು.

ಆರನೆಯ ವರ್ಷ ಭಾವ ಕೇಂದ್ರಕ್ಕೆ ಬಂದ. “ಬಾಮೈದ, ನಾನೂ ಮತ್ತೆ ಸೂಪರ್ ಹಾಕಿ ನೋಡ್ಲಾ?” ಎಂದು ಮೆಲ್ಲಗೆ ಕೇಳಿದ.

ಗುಲಗಂಜಿ ಅವನ ಕೈ ಹಿಡಿದು ಹೊಲಕ್ಕೆ ಕರೆದುಕೊಂಡು ಹೋದ. ಸೊನ್ನೆ ತಾಕಿನಲ್ಲಿ ಒಂದು ಗಿಡ ಕಿತ್ತು ಮಣ್ಣು ಕೊಡವಿ ಭಾವನ ಕೈಗಿತ್ತ. ಇಪ್ಪತ್ತಕ್ಕೂ ಮಿಗಿಲಾದ ಕಾಯಿ, ಒಂದೂ ಜೊಳ್ಳಿಲ್ಲ.

“ಇದಕ್ಕೇನು ಹಾಕಿದೀರಿ?”

“ಏನೂ ಇಲ್ಲ ಭಾವ. ಇಪ್ಪತ್ತೆರಡು ವರ್ಷದಿಂದ ಏನೂ ಇಲ್ಲ.”

ಭಾವ ಕಾಯಿಗಳನ್ನು ಒಂದೊಂದಾಗಿ ಹಿಸುಕಿ ನೋಡಿದ. ಆಮೇಲೆ ಗಿಡವನ್ನು ಗುಲಗಂಜಿಗೆ ವಾಪಸು ಕೊಟ್ಟು, ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ಏನೂ ಹಾಕದೇ ಇಷ್ಟು ಬರುತ್ತೆ ಅಂದ್ರೆ ನನ್ನ ಕೈಗುಣವೇ ಸರಿ ಇಲ್ಲ” ಎಂದ. ತಮಾಷೆಗೆ ಹೇಳಿದನೆಂದು ಗುಲಗಂಜಿ ನಕ್ಕ. ಭಾವ ನಗಲಿಲ್ಲ.

ಎಂಟನೆಯ ಬೆಳೆಯ ನಂತರ ಹೊಲವನ್ನು ಬಿಟ್ಟುಕೊಟ್ಟ. ಮಾರಿದ್ದು ಜಾಗವನ್ನಲ್ಲ, ಮಣ್ಣನ್ನು. ಊರ ಮುಂದಿನ ರಸ್ತೆಯನ್ನು ಎತ್ತರಿಸಲು ಗುತ್ತಿಗೆದಾರ ಕೆಂಪು ಮಣ್ಣು ಹುಡುಕುತ್ತಿದ್ದ. ಯಂತ್ರ ಬಂದು ಹದಿನೈದು ದಿನ ಅಗೆಯಿತು. ಆಳೆತ್ತರದ ಗುಂಡಿ ಉಳಿಯಿತು. ತಳದಲ್ಲಿ ಕಲ್ಲು ಕಾಣಿಸಿತು.

ಇದಾದ ನಾಲ್ಕು ವರ್ಷಕ್ಕೆ ಕೇಂದ್ರಕ್ಕೆ ಮಣ್ಣು ಪರೀಕ್ಷೆಯ ಹೊಸ ಮೇಡಂ ಬಂದರು. ಬಂದ ಎರಡನೆಯ ತಿಂಗಳು ಸೊನ್ನೆ ತಾಕಿನ ಮಣ್ಣನ್ನೂ ಬೇಲಿಯಾಚೆಯ ಪಾಳು ಮಣ್ಣನ್ನೂ ಪರೀಕ್ಷಿಸಿ, ಕಾಗದ ಹಿಡಿದುಕೊಂಡು ನೇರವಾಗಿ ತೂಕದ ಕೋಣೆಗೆ ನಡೆದು ಬಂದರು.

“ಸೊನ್ನೆ ಪೊಟ್ಟಣದಲ್ಲಿ ಏನು ಹಾಕ್ತೀರಿ?”

“ಏನೂ ಇಲ್ಲ ಮೇಡಂ. ಬರೀ ಪುಡಿ.”

“ಯಾವ ಪುಡಿ?”

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಗುಲಗಂಜಿ ಉಳಿದಿದ್ದ ಒಂದೂವರೆ ಚೀಲದ ಕಡೆ ಕೈ ತೋರಿಸಿದ. ಮೇಡಂ ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿ ನೋಡಿದರು. ಅವರ ಮುಖ ಬದಲಾದದ್ದನ್ನು ಅವನು ಗಮನಿಸಿದ. “ನನ್ನ ಜೊತೆ ಬನ್ನಿ” ಎಂದರು.

ಪ್ರಯೋಗಾಲಯದಲ್ಲಿ ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ. ಮೇಡಂ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಸೋಸಿ, ತಿಳಿಯಾದ ನೀರಿಗೆ ಇನ್ನೊಂದು ಸೀಸೆಯಿಂದ ನಾಲ್ಕು ಹನಿ ಬಿಟ್ಟರು. ಗಾಜಿನ ಕೊಳವೆಯಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು.

“ಇದು ಜಿಪ್ಸಂ” ಎಂದರು. “ಗಂಧಕ ಇದೆ, ಕ್ಯಾಲ್ಸಿಯಂ ಇದೆ. ಕಾಳಲ್ಲಿ ಎಣ್ಣೆ ಕೂರೋಕೆ ಗಂಧಕ ಬೇಕು. ಕ್ಯಾಲ್ಸಿಯಂ ಇಲ್ಲದಿದ್ರೆ ನೆಲಗಡಲೆ ಕಾಯಿ ತುಂಬೋದೇ ಇಲ್ಲ. ಹೂವು ಬಾಡಿದ ಮೇಲೆ ಸೂಜಿ ಥರ ಮೊನೆ ಮಣ್ಣಿಗೆ ಇಳಿಯುತ್ತಲ್ಲ, ಅದರ ತುದಿಯಲ್ಲಿ ಬಿಡೋ ಕಾಯಿ ಬೇರನ್ನ ನಂಬ್ಕೊಂಡಿರಲ್ಲ. ಸುತ್ತ ಇರೋ ಮಣ್ಣಿಂದ ತಾನೇ ಹೀರ್ಕೊಳುತ್ತೆ. ಆ ಮಣ್ಣಲ್ಲಿ ಇಲ್ಲದಿದ್ರೆ ಗಿಡ ಎಷ್ಟೇ ಹಸಿರಾಗಿರ್ಲಿ, ಕಾಯಿ ಜೊಳ್ಳು.”

“ನೀರಲ್ಲಿ ಕರಗ್ಲಿಲ್ಲ ಮೇಡಂ” ಎಂದ ಗುಲಗಂಜಿ. “ನಾನು ನೋಡಿದೆ.”

“ಕರಗುತ್ತೆ. ತುಂಬಾ ನಿಧಾನ. ಒಂದು ಲೋಟದಲ್ಲಿ ಕಾಣಲ್ಲ. ಒಂದು ಮಳೆಗಾಲ ಬೇಕು.”

ಅವನ ಮನಸ್ಸು ರೂಢಿಯಂತೆ ಲೆಕ್ಕಕ್ಕೆ ಇಳಿಯಿತು. ಗೊಬ್ಬರ ಹೆಚ್ಚು ಬೀಳುವ ತಾಕಿಗೆ ಪುಡಿ ಕಡಿಮೆ. ಗೊಬ್ಬರ ಕಡಿಮೆ ಇದ್ದಲ್ಲಿ ಪುಡಿ ಹೆಚ್ಚು. ಏನೂ ಇಲ್ಲದ ತಾಕಿಗೆ ಪೂರ್ತಿ ಒಂದು ಕಿಲೋ. ಗಂಧಕ ಕೊಡದ ತಾಕಿಗೂ ಪುಡಿಯ ಜೊತೆ ಗಂಧಕ ಹೋಗಿತ್ತು, ವ್ಯತ್ಯಾಸ ಕಾಣದೆ ಹೋದದ್ದು ಅದಕ್ಕೇ. ಇಪ್ಪತ್ತು ಚದರ ಮೀಟರಿಗೆ ಒಂದು ಕಿಲೋ ಎಂದರೆ ಎಕರೆಗೆ ಇನ್ನೂರು ಕಿಲೋ, ಅಂದರೆ ನಾಲ್ಕು ಚೀಲ. “ನೆಲಗಡಲೆಗೆ ಎಕರೆಗೆ ಎಷ್ಟು ಹಾಕ್ಬೇಕು ಮೇಡಂ ಇದನ್ನ?” ಎಂದು ಕೇಳಿದ.

“ಇನ್ನೂರು ಕಿಲೋ” ಎಂದರು ಮೇಡಂ.

ಸೊನ್ನೆ ತಾಕಿಗೆ ಹತ್ತೊಂಬತ್ತು ವರ್ಷ ಅವನು ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ಗುಲಗಂಜಿಯಷ್ಟೂ ತಪ್ಪದ ಅಳತೆಯಲ್ಲಿ ಔಷಧಿಯನ್ನೇ ಉಣ್ಣಿಸಿದ್ದ.

ಮರುದಿನ ದೊಡ್ಡ ಸಾಹೇಬರು ಇಬ್ಬರನ್ನೂ ಕರೆಸಿದರು. ಮೇಡಂ ವರದಿ ಬರೆದು ತಂದಿದ್ದರು. ಸಾಹೇಬರು ಅದನ್ನು ಎರಡು ಸಲ ಓದಿ ಮಡಚಿಟ್ಟರು.

“ನಾನೂ ಬರ್ಕೊಡ್ತೀನಿ ಸಾರ್” ಎಂದ ಗುಲಗಂಜಿ. “ಪುಡಿ ತಂದಿದ್ದು ನಾನೇ ಅಂತ.”

“ಏನಂತ ಬರೀತೀಯ? ಬರೀ ಪುಡಿ ಬರೀ ಪುಡಿ ಅಲ್ಲ ಅಂತಾನಾ?” ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ, ಬಳಲಿಕೆಯಿತ್ತು. “ನಿನ್ನ ತಪ್ಪು ಅಂತ ಯಾರೂ ಹೇಳಲ್ಲ. ಹನ್ನೊಂದು ತಿಂಗಳಲ್ಲಿ ನಿವೃತ್ತಿ. ಸುಮ್ಮನೆ ಇದ್ದುಬಿಡು.”

“ಹಾಳೆ, ಸಾರ್?”

ಹಾಳೆಯ ವಿಷಯಕ್ಕೆ ಮೇಲಿನ ಕಚೇರಿಯಿಂದ ಉತ್ತರ ಬರಲು ಐದು ತಿಂಗಳು ಹಿಡಿಯಿತು. ನಲವತ್ತೆಂಟು ತಾಕುಗಳ ಪ್ರಯೋಗವನ್ನು ಆಡಳಿತಾತ್ಮಕ ಕಾರಣದಿಂದ ಮುಕ್ತಾಯಗೊಳಿಸಲಾಗಿದೆ. ಈಗಾಗಲೇ ಮುದ್ರಿತವಾಗಿರುವ ಶಿಫಾರಸು ಹಾಳೆಗಳು ಮುಗಿದ ಬಳಿಕ, ಮರುಮುದ್ರಣದ ಸಂದರ್ಭದಲ್ಲಿ ಸೂಕ್ತ ಪರಿಷ್ಕರಣೆಯನ್ನು ಪರಿಶೀಲಿಸಲಾಗುವುದು. ಮೇಡಂ ಮತ್ತೊಂದು ಪತ್ರ ಬರೆದರು. ಅದಕ್ಕೆ ಉತ್ತರ ಬರಲಿಲ್ಲ.

ತೂಕದ ಕೋಣೆಯಲ್ಲಿ ಇನ್ನೂ ಒಂಬತ್ತು ಕಟ್ಟು ಹಾಳೆ ಇದ್ದವು. ಗುಲಗಂಜಿ ಒಂದನ್ನು ಎಳೆದು ತಕ್ಕಡಿಯ ಮೇಲಿಟ್ಟ. ನಾಲ್ಕೂವರೆ ಗ್ರಾಂ. ಆ ವಾರ ಒಂದು ಕಟ್ಟನ್ನು ಬಿಚ್ಚಿ ರೈತರಿಗೆ ಹಂಚಲು ಒಯ್ದರು. ಅವನು ಬಾಗಿಲಲ್ಲಿ ನಿಂತು, “ಇದು ಸರಿ ಇಲ್ಲ, ಕೊಡಬೇಡಿ” ಎಂದ. ಒಯ್ಯಲು ಬಂದ ಜವಾನ ಗೋಡೆಗೆ ಅಂಟಿಸಿದ್ದ ಆದೇಶದ ಕಡೆ ಗದ್ದ ಎತ್ತಿ ತೋರಿಸಿದ. ಸರಿ ಇಲ್ಲ ಎಂದು ಅಲ್ಲಿ ಬರೆದಿರಲಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೊರಟ. ಹೇಳಬೇಕೆಂದೇ ಹೊರಟ. ಭಾವ ತನ್ನ ಕೈಗುಣದ ಮಾತನ್ನು ತಮಾಷೆಗೆ ಆಡಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ಅವನು ಒಂದು ಬೀಜ ಮುಟ್ಟಿರಲಿಲ್ಲ, ಅಂಗಳದ ಗಿಡಕ್ಕೆ ನೀರು ಹಾಕಿರಲಿಲ್ಲ. ಹೆರಿಗೆಯಾಗಿ ಬಂದ ಮಗಳ ಕೂಸನ್ನು ಎತ್ತಿಕೊಳ್ಳಲು ಕೂಡ ಮೂರು ದಿನ ಹಿಂಜರಿದನಂತೆ. ಕೈ ಸರಿಯಿತ್ತು, ತಪ್ಪಿದ್ದು ಹಾಳೆ ಎಂದು ಹೇಳಿದರೆ ಆ ಮನುಷ್ಯ ಮತ್ತೆ ಮನುಷ್ಯನಾಗಬಹುದು. ತನಗೆ ಎರಡೇಟು ಹೊಡೆದರೂ ಸರಿ.

ಬಸ್ಸು ಹೊಸ ರಸ್ತೆಗೆ ಏರಿದಾಗ ಕುಲುಕಾಟ ನಿಂತಿತು. ಟಾರಿನ ಅಂಚಿನಿಂದ ಇಳಿಜಾರಾಗಿ ಎರಡೂ ಬದಿಗೆ ಕೆಂಪು ಮಣ್ಣು ಕಾಣುತ್ತಿತ್ತು. ಮಳೆಗೆ ಕೊರೆದ ಜಾಗದಲ್ಲಿ ಹುಲ್ಲು ಸೊಂಪಾಗಿ ಎದ್ದಿತ್ತು.

ಭಾವ ಜಗಲಿಯಲ್ಲಿ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದ. “ಬಾ ಬಾಮೈದ. ನನ್ನ ಹೊಲದ ಮೇಲೇ ಬಸ್ಸಲ್ಲಿ ಬಂದ್ಯಾ? ಹೇಗಿದೆ, ಗಟ್ಟಿ ಇದೆಯಾ?” ಎಂದ. ಉಳಿದಿದ್ದ ತಮಾಷೆ ಅದೊಂದೇ. ಪ್ರತಿ ಸಲ ಅದನ್ನೇ ಹೇಳುತ್ತಿದ್ದ.

ಗುಲಗಂಜಿ ಅಡುಗೆಮನೆಗೆ ಹೋಗಿ ಮೊದಲು ಅಕ್ಕನಿಗೆ ಹೇಳಿದ. ಪುಡಿ, ಚೀಲ, ಸೊನ್ನೆ ತಾಕು, ಹಾಲಿನಂತೆ ಬೆಳ್ಳಗಾದ ನೀರು, ಒಂದನ್ನೂ ಬಿಡದೆ ಹೇಳಿದ. ಅವಳು ಪಾತ್ರೆ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು. ಕೊನೆಗೆ ನಲ್ಲಿ ನಿಲ್ಲಿಸಿದಳು.

“ಎಷ್ಟು ಹಾಕ್ಬೇಕಿತ್ತು?”

“ಎಕರೆಗೆ ನಾಲ್ಕು ಚೀಲ. ಹೂ ಬಿಡೋ ಹೊತ್ತಿಗೆ.”

“ಬರೀ ಅಷ್ಟೇನಾ?”

“ಅಷ್ಟೇ ಅಕ್ಕ. ಹಳೇ ಸೂಪರ್ ಬಿಡದೇ ಇದ್ದಿದ್ರೂ ಆಗ್ತಿತ್ತು.”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಒಂದೊಂದೇ ಬೆರಳನ್ನು ಬಹಳ ಹೊತ್ತು ಒರೆಸಿದಳು. “ಅವರಿಗೆ ಹೇಳ್ಬೇಡ” ಎಂದಳು.

“ಅಲ್ಲಕ್ಕ, ಕೈ ಸರಿ ಇತ್ತು ಅಂತ ಗೊತ್ತಾದ್ರೆ…”

“ಕೈ ಸರಿ ಇತ್ತು ಅಂದ್ರೆ ಮಣ್ಣೂ ಸರಿ ಇತ್ತು ಅಂತಾಗುತ್ತೆ.” ಅವಳ ದನಿ ಏರಲಿಲ್ಲ. “ಕೈ ಕೆಟ್ಟಿದ್ದು ಅಂತ ಈಗ ಹೇಗೋ ಒಪ್ಕೊಂಡಿದಾರೆ, ಅನ್ನ ತಿಂತಾರೆ, ನಿದ್ದೆ ಮಾಡ್ತಾರೆ. ಒಳ್ಳೇ ಮಣ್ಣನ್ನ ತಾವೇ ರಸ್ತೆಗೆ ಸುರಿಸಿದ್ರು ಅಂತ ಗೊತ್ತಾದ್ರೆ ಯಾವ ಮುಖ ಇಟ್ಕೊಂಡು ಆ ರಸ್ತೇಲಿ ಓಡಾಡ್ತಾರೆ? ಮಣ್ಣೆಲ್ಲಿದೆ ಈಗ, ತಂದು ಕೊಡ್ತೀಯಾ?”

ಗುಲಗಂಜಿ ತೊಳೆದಿಟ್ಟ ಪಾತ್ರೆಯೊಂದನ್ನು ಎತ್ತಿ ಕವುಚಿಟ್ಟ.

“ನನಗೂ ಹೇಳ್ಬಾರ್ದಿತ್ತು ನೀನು” ಎಂದಳು ಅಕ್ಕ, ನಲ್ಲಿ ತಿರುಗಿಸುತ್ತ.

ಹೊರಗಿನಿಂದ ಭಾವ ಕೂಗಿದ. ಜಗಲಿಯ ಅಂಚಿನಲ್ಲಿ ಒಂದು ಹಳೆಯ ಎಣ್ಣೆ ಡಬ್ಬಿ, ಅದರ ತುಂಬ ಮಣ್ಣು. ಪಕ್ಕದ ಕಾಗದದ ಚೂರಿನಲ್ಲಿ ಐದಾರು ಮೆಣಸಿನ ಬೀಜ.

“ನಿನ್ನ ಅಕ್ಕ ಮೆಣಸಿನ ಗಿಡ ಬೇಕು ಅಂತಾಳೆ. ನಾನು ಹಾಕಿದ್ರೆ ಏಳಲ್ಲ. ನೀನು ಹಾಕು. ನಿನ್ನ ಕೈ ಹೊಲದಲ್ಲಿ ನೋಡಿದೀನಲ್ಲ, ಏನೂ ಹಾಕದೇ ಬೆಳೆಸೋ ಕೈ.”

ಗುಲಗಂಜಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣಿನಲ್ಲಿ ಕುಳಿ ಮಾಡಿದ. ಮಣ್ಣು ಕೆಂಪಗಿತ್ತು. ಎಲ್ಲಿಂದ ತಂದದ್ದೆಂದು ಕೇಳಲಿಲ್ಲ. ಬೀಜಗಳನ್ನು ಒಂದೊಂದಾಗಿ ಇಟ್ಟು ಮುಚ್ಚಿದ. ಭಾವ ಒಂದು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಮತ್ತೆ ಕಂಕುಳಿಗೆ ಸೇರಿಸಿ, ಕತ್ತು ಚಾಚಿ ನೋಡುತ್ತಿದ್ದ.

“ಮಣ್ಣಿಗೆ ಏನಾದ್ರೂ ಸೇರಿಸ್ಬೇಕಾ?” ಎಂದು ಕೇಳಿದ.

ಅಕ್ಕ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗುಲಗಂಜಿ ಅವಳನ್ನು ನೋಡಿದ, ಆಮೇಲೆ ಡಬ್ಬಿಯನ್ನು.

“ಏನೂ ಬೇಡ ಭಾವ” ಎಂದ. “ನೀರು ಹಾಕಿದ್ರೆ ಸಾಕು.”

“ಕೇಂದ್ರದವನೇ ಹೇಳಿದ ಮೇಲೆ ಮುಗೀತು ಬಿಡು” ಎಂದ ಭಾವ.